ಧ್ರುವದ ಕಡಲ ತಳದ ಹೂಳು: ಕಾರ್ಬನ್ ಅಲ್ಲೇ ಉಳಿಯತ್ತಾ, ವಾಪಸ್ ಮೇಲೆ ಬರತ್ತಾ?

ಆರ್ಕ್ಟಿಕ್‌ನಲ್ಲಿ ಐಸ್ ಕರಗ್ತಿದೆ ಅನ್ನೋ ಸುದ್ದಿಯ ಬೆನ್ನಿಗೇ ಈಗೀಗ ಇನ್ನೊಂದು ವಾದ ಓಡಾಡ್ತಿದೆ. ಐಸ್ ಹೋದ್ರೆ ಬಿಸಿಲು ನೀರಿಗಿಳಿಯತ್ತೆ, ಪಾಚಿ ಚೆನ್ನಾಗಿ ಬೆಳೆಯತ್ತೆ, ಆ ಪಾಚಿ ಕಾರ್ಬನ್ ಡೈಆಕ್ಸೈಡನ್ನ ಎಳ್ಕೊಂಡು ಕೊನೆಗೆ ಸತ್ತು ತಳಕ್ಕೆ ಬಿದ್ದು ಹೂಳಲ್ಲಿ ಹೂತು ಹೋಗತ್ತೆ, ಹಾಗಾಗಿ ಕರಗೋದ್ರಲ್ಲಿ ಸ್ವಲ್ಪ ಲಾಭನೂ ಇದೆ ಅಂತ. ಅದರ ಪಕ್ಕದಲ್ಲೇ ಪೂರ್ತಿ ಉಲ್ಟಾ ಹೆದರಿಕೆ ಒಂದಿದೆ, ತಳ ಕೆರೆಯೋ ಟ್ರಾಲ್ ಬೋಟುಗಳು ಅದೇ ಹೂಳನ್ನ ಕದಡಿ ಜಗತ್ತಿನ ವಿಮಾನಗಳೆಲ್ಲ ಸೇರಿ ಬಿಡೋಷ್ಟು ಕಾರ್ಬನ್ ಬಿಡುಗಡೆ ಮಾಡ್ತಿವೆ ಅಂತ. ನೋಡಿದ್ರೆ ಎರಡು ವಾದದ ಬುಡದಲ್ಲೂ ಒಂದೇ ನಂಬಿಕೆ ಇದೆ: ತಳಕ್ಕೆ ಹೋಗಿದ್ದು ಅಲ್ಲೇ ಇರತ್ತೆ, ಯಾರಾದ್ರೂ ಕೈ ಹಾಕಿದ್ರೆ ಮಾತ್ರ ಹೊರಗೆ ಬರತ್ತೆ ಅನ್ನೋದು. ಈ ನಂಬಿಕೆಯಲ್ಲೇ ಎಡವಟ್ಟಿರೋದು.

ಹೂಳನ್ನ ಅರ್ಥ ಮಾಡ್ಕೊಳ್ಳೋಕೆ ತಿಪ್ಪೆಗುಂಡಿ ನೆನಪಿಸ್ಕೊಂಡ್ರೆ ಸಾಕು. ಹಾಕಿದ್ದರಲ್ಲಿ ಬಹುಪಾಲು ಹುಳ, ಬ್ಯಾಕ್ಟೀರಿಯಾ ತಿಂದು ಕೊಳೆತು ಗಾಳಿಗೆ ಹೋಗತ್ತೆ, ಒಂದಿಷ್ಟು ಗೊಬ್ಬರ ಆಗಿ ವಾಪಸ್ ಹೊಲಕ್ಕೆ ಹೋಗತ್ತೆ, ಯಾವುದಕ್ಕೂ ಬಗ್ಗದೇ ಇರೋ ಸ್ವಲ್ಪ ಮಾತ್ರ ಅಡಿಯಲ್ಲಿ ಉಳಿಯತ್ತೆ. ಸಮುದ್ರದ ಲೆಕ್ಕ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗತ್ತೆ. ಜಗತ್ತಿನ ಎಲ್ಲಾ ಸಮುದ್ರಗಳ ಪಾಚಿ ಸೇರಿ ವರ್ಷಕ್ಕೆ ಸುಮಾರು 5000 ಕೋಟಿ ಟನ್ ಕಾರ್ಬನ್ ಹಿಡಿಯತ್ತೆ, ಕೊನೆಗೆ ಹೂಳಲ್ಲಿ ನಿಜವಾಗ್ಲೂ ಹೂತು ಉಳಿಯೋದು 15ರಿಂದ 20 ಕೋಟಿ ಟನ್ ಅಂತ ಅಂದಾಜು. ನೂರಕ್ಕೆ ಅರ್ಧ ಕೂಡ ಇಲ್ಲ. ಮಿಕ್ಕಿದ್ದೆಲ್ಲ ದಾರಿಯಲ್ಲೇ ಅಥವಾ ತಳದಲ್ಲಿ ಕರಗಿ, ಉಸಿರಾಗಿ, ನೀರಿಗೆ ವಾಪಸ್. ಹಾಗಾಗಿ ಧ್ರುವಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಕೆಳಗೆ ಬಿತ್ತು ಅನ್ನೋದಲ್ಲ, ಬಿದ್ದದ್ದರಲ್ಲಿ ಎಷ್ಟು ಉಳೀತು, ವಾಪಸ್ ಬಂದಿದ್ದು ಯಾವ ರೂಪದಲ್ಲಿ ಬಂತು ಅನ್ನೋದು.

ಪಾಚಿ ಜಾಸ್ತಿ ಆಗ್ತಿರೋದಂತೂ ಸುಳ್ಳಲ್ಲ. ಉಪಗ್ರಹದ ಚಿತ್ರಗಳನ್ನ ಇಟ್ಕೊಂಡು ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 2020ರಲ್ಲಿ ಹೇಳಿದ ಪ್ರಕಾರ 1998ರಿಂದ 2018ರ ಒಳಗೆ ಆರ್ಕ್ಟಿಕ್ ಸಮುದ್ರದ ಪಾಚಿ ಉತ್ಪಾದನೆ ಶೇಕಡಾ 57 ಏರಿದೆ. ಮೊದಮೊದಲು ಇದಕ್ಕೆ ಐಸ್ ಇಲ್ಲದ ಜಾಗ ಜಾಸ್ತಿ ಆಗಿದ್ದೇ ಕಾರಣ, ಆಮೇಲಾಮೇಲೆ ನೀರಲ್ಲಿ ಪಾಚಿಯ ದಟ್ಟಣೆನೇ ಏರ್ತಾ ಹೋಯ್ತು, ಅಂದ್ರೆ ಎಲ್ಲಿಂದಲೋ ಹೊಸ ಗೊಬ್ಬರ ಬರ್ತಿರಬೇಕು. ಆ ಎಲ್ಲಿಂದಲೋ ಅನ್ನೋದರಲ್ಲಿ ಹೂಳಿಗೂ ಒಂದು ಪಾಲಿದೆ. ಆರ್ಕ್ಟಿಕ್ ಸಮುದ್ರದ ಹೆಚ್ಚುಕಮ್ಮಿ ಅರ್ಧ ಭಾಗ ಆಳ ಕಮ್ಮಿ ಇರೋ ಖಂಡದಂಚು. ಬೇರೆ ಯಾವ ಮಹಾಸಾಗರದಲ್ಲೂ ತಳ ಮತ್ತು ಮೇಲ್ಮೈ ಇಷ್ಟು ಹತ್ತಿರ ಇಲ್ಲ. ನಾರ್ವೆ, ರಷ್ಯಾಗಳ ಉತ್ತರಕ್ಕಿರೋ ಬಾರೆಂಟ್ಸ್ ಸಮುದ್ರದ ಸರಾಸರಿ ಆಳ 230 ಮೀಟರ್ ಅಷ್ಟೇ. ಇಲ್ಲಿ ಮೇಲೆ ಆಗಿದ್ದು ಕೆಳಗೆ ಬೇಗ ತಲುಪತ್ತೆ, ಕೆಳಗಿಂದ ಬಿಟ್ಟಿದ್ದು ಮೇಲೂ ಬರತ್ತೆ.

ಹೂಳಿನ ಒಳಗೆ ಏನು ನಡೆಯತ್ತೆ ಅಂತ ನೋಡೋಕೆ ಮಲ್ಟಿಕೋರರ್ ಅನ್ನೋ ಒಂದು ಉಪಕರಣ ಇಳಿಸ್ತಾರೆ. ಕಬ್ಬಿಣದ ಚೌಕಟ್ಟಲ್ಲಿ ಸಾಲಾಗಿ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳು, ಚೌಕಟ್ಟು ತಳ ಮುಟ್ಟಿದ ಮೇಲೆ ಕೊಳವೆಗಳು ನಿಧಾನಕ್ಕೆ ಹೂಳಿಗೆ ಇಳೀತವೆ, ಮೇಲಕ್ಕೆತ್ತುವಾಗ ಎರಡೂ ಕಡೆ ಮುಚ್ಚಳ ಬೀಳತ್ತೆ. ಒಳ್ಳೇ ಸ್ಯಾಂಪಲ್ ಅಂದ್ರೆ ಹೂಳಿನ ಮೇಲೆ ನಿಂತಿರೋ ನೀರು ತಿಳಿಯಾಗಿರಬೇಕು, ನೀರು ಬಗ್ಗಡ ಆಗಿದ್ರೆ ಹೂಳಿನ ಮೇಲ್ಪದರ ಕದಡಿದೆ ಅಂತ ಲೆಕ್ಕ, ಅದನ್ನ ಎಸೆದು ಮತ್ತೆ ಇಳಿಸಬೇಕು, ಯಾಕಂದ್ರೆ ಕಥೆಯೆಲ್ಲ ಇರೋದೇ ಆ ಮೇಲಿನ ಒಂದೆರಡು ಸೆಂಟಿಮೀಟರಲ್ಲಿ. ಕೊಳವೆಯ ಗೋಡೆಯಿಂದಲೇ ಬಣ್ಣ ಕಾಣತ್ತೆ, ಮೇಲೆ ತುಕ್ಕಿನ ಕಂದು, ಕೆಳಗೆ ಹೋಗ್ತಾ ಬೂದಿ ಹಸಿರು, ಫ್ಯೋರ್ಡ್‌ಗಳಲ್ಲಿ (ಹಿಮನದಿ ಕೊರೆದ ಕಿರಿದಾದ, ಆಳದ ಕೊಲ್ಲಿಗಳು) ತೆಗೆದಿದ್ದಾದ್ರೆ ಇನ್ನೂ ಕೆಳಗೆ ಕಪ್ಪು, ಕೆಲವು ಸಲ ಕೊಳೆತ ಮೊಟ್ಟೆ ವಾಸನೆನೂ ಹೊಡೆಯತ್ತೆ. ಹಡಗಲ್ಲಿ ಅದನ್ನ ತಳದ ನೀರಿನಷ್ಟೇ ತಣ್ಣಗಿರೋ ಕೋಣೆಯಲ್ಲಿಟ್ಟು, ನೈಟ್ರೋಜನ್ ತುಂಬಿದ ಚೀಲದೊಳಗೆ ಕೈ ಹಾಕಿ ಒಂದೊಂದೇ ಸೆಂಟಿಮೀಟರ್ ಬಿಲ್ಲೆ ಕತ್ತರಿಸ್ತಾರೆ, ಗಾಳಿ ತಾಗಿದ್ರೆ ಒಳಗಿರೋ ಕಬ್ಬಿಣ ತಕ್ಷಣ ತುಕ್ಕಾಗಿ ಬಿಡತ್ತೆ, ಆಮೇಲೆ ಅಳೆದಿದ್ದೆಲ್ಲ ದಂಡ.

ಆ ಬಣ್ಣಗಳಿಗೆ ಅರ್ಥ ಇದೆ. ತಳಕ್ಕೆ ಬಿದ್ದ ಪಾಚಿಯನ್ನ ತಿನ್ನೋ ಬ್ಯಾಕ್ಟೀರಿಯಾಗಳಿಗೂ ಉಸಿರಾಟಕ್ಕೆ ಏನಾದ್ರೂ ಬೇಕು. ಮೊದಲು ಆಕ್ಸಿಜನ್ ಖರ್ಚಾಗತ್ತೆ. ಅದು ಮುಗಿದ ಕಡೆ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣದ ತುಕ್ಕು, ಆಮೇಲೆ ಸಮುದ್ರದ ನೀರಲ್ಲಿ ಧಾರಾಳವಾಗಿರೋ ಸಲ್ಫೇಟ್, ಅದೂ ಮುಗಿದ್ರೆ ಮೀಥೇನ್ ಮಾಡೋ ಜೀವಿಗಳ ಸರದಿ. ಒಂದೊಂದು ಹಂತದಲ್ಲೂ ಬೇರೆ ಬೇರೆ ಗೊಬ್ಬರ ಬಿಡುಗಡೆ ಆಗತ್ತೆ ಅಥವಾ ಕಳೆದು ಹೋಗತ್ತೆ. ನೈಟ್ರೇಟ್ ಹಂತದಲ್ಲಿ ಪಾಚಿಗೆ ಬೇಕಾದ ನೈಟ್ರೋಜನ್ ಗಾಳಿಯ ನೈಟ್ರೋಜನ್ ಆಗಿ ಹಾರಿ ಹೋಗತ್ತೆ, ಅದು ಸಮುದ್ರಕ್ಕೆ ನಷ್ಟ. ಕಬ್ಬಿಣದ ಹಂತದಲ್ಲಿ ತುಕ್ಕು ಕರಗಿ ಅದಕ್ಕೆ ಅಂಟ್ಕೊಂಡಿದ್ದ ಫಾಸ್ಫೇಟ್ ಬಿಡುಗಡೆ ಆಗತ್ತೆ, ಕಬ್ಬಿಣದಲ್ಲೂ ಒಂದು ಪಾಲು ನೀರಿಗೆ ತಪ್ಪಿಸ್ಕೊಂಡು ಹೋಗತ್ತೆ, ಅದು ಸಮುದ್ರಕ್ಕೆ ಲಾಭ. ಡಯಾಟಂ ಅನ್ನೋ ಪಾಚಿಯ ಗಾಜಿನ ಚಿಪ್ಪು ಈ ಯಾವ ಸರದಿಗೂ ಕಾಯದೆ ತನ್ನ ಪಾಡಿಗೆ ಕರಗ್ತಾ ಸಿಲಿಕ ವಾಪಸ್ ಕೊಡತ್ತೆ.

ಇಲ್ಲೊಂದು ಸಾಮಾನ್ಯ ತಪ್ಪು ಕಲ್ಪನೆ ಇದೆ, ಧ್ರುವದ ನೀರು ಅಷ್ಟು ತಣ್ಣಗಿರೋವಾಗ ಏನೂ ಕೊಳೆಯಲ್ಲ, ಹಾಗೇ ಉಳಿಯತ್ತೆ ಅಂತ. ಡೆನ್ಮಾರ್ಕಿನ ಬೊ ಬಾರ್ಕರ್ ಯೋರ್ಗೆನ್‌ಸೆನ್ ಮತ್ತವರ ಜೊತೆಗಾರರು 1990ರ ದಶಕದಲ್ಲಿ ನಾರ್ವೆಗೆ ಸೇರಿದ ಆರ್ಕ್ಟಿಕ್ ದ್ವೀಪಸಮೂಹ ಸ್ವಾಲ್‌ಬಾರ್ಡ್ ಫ್ಯೋರ್ಡ್‌ಗಳ ಹೂಳಲ್ಲಿ ಸಲ್ಫೇಟ್ ಉಸಿರಾಡೋ ಬ್ಯಾಕ್ಟೀರಿಯಾಗಳ ವೇಗ ಅಳೆದ್ರು. ಸೊನ್ನೆಗಿಂತ ಕೆಳಗಿನ ತಾಪಮಾನದಲ್ಲೂ ಅವು ಆರಾಮಾಗಿ ಕೆಲಸ ಮಾಡ್ತಿದ್ವು, ವೇಗ ಬೆಚ್ಚಗಿನ ಕರಾವಳಿಗಳ ಹೂಳಿಗೆ ಹೋಲಿಸೋ ಮಟ್ಟದಲ್ಲಿತ್ತು. ಅಲ್ಲಿನ ಜೀವಿಗಳು ಚಳಿಗೆ ಒಗ್ಗಿಕೊಂಡಿವೆ, ಅವುಗಳ ಕೊರತೆ ಬಿಸಿಯದ್ದಲ್ಲ, ಊಟದ್ದು. ಹಾಗಾಗಿ ನೀರು ಒಂದೆರಡು ಡಿಗ್ರಿ ಬಿಸಿ ಆದ್ರೆ ಏನಾಗತ್ತೆ ಅನ್ನೋದಕ್ಕಿಂತ ಮೇಲಿಂದ ಬೀಳೋ ಊಟ ಎಷ್ಟು, ಎಂಥದ್ದು, ಯಾವಾಗ ಬೀಳತ್ತೆ ಅನ್ನೋದೇ ಇಲ್ಲಿ ದೊಡ್ಡ ವಿಷಯ.

ಊಟ ಬಿದ್ರೆ ಏನಾಗತ್ತೆ ಅನ್ನೋದು 2012ರ ಬೇಸಿಗೆಯಲ್ಲಿ ಕಣ್ಣಾರೆ ಕಂಡಿತ್ತು. ಆ ವರ್ಷ ಸೆಪ್ಟೆಂಬರಲ್ಲಿ ಆರ್ಕ್ಟಿಕ್ ಐಸ್ 34 ಲಕ್ಷ ಚದರ ಕಿಲೋಮೀಟರಿಗೆ ಕುಸಿದಿತ್ತು, ಅದೇ ಇವತ್ತಿಗೂ ದಾಖಲೆ. ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಆಗ ಆಂಟ್ಯೆ ಬೋಟಿಯಸ್ ಮುಂದಾಳತ್ವದಲ್ಲಿ ಮಧ್ಯ ಆರ್ಕ್ಟಿಕ್‌ನಲ್ಲಿತ್ತು. ಸುಮಾರು ನಾಲ್ಕು ಸಾವಿರ ಮೀಟರ್ ಆಳಕ್ಕೆ ಕ್ಯಾಮೆರಾ ಇಳಿಸಿದಾಗ ತಳದಲ್ಲಿ ಹಸಿರು ಮುದ್ದೆಗಳು ಕಂಡ್ವು. ಐಸಿನ ಅಡಿಯಲ್ಲಿ ಜಡೆ ಥರ ಜೋತಾಡ್ಕೊಂಡು ಬೆಳೆಯೋ ಮೆಲೊಸಿರಾ ಅನ್ನೋ ಪಾಚಿ, ಐಸ್ ತೆಳ್ಳಗಾಗಿ ಕರಗಿದ್ದಕ್ಕೆ ಕಳಚಿ ನೇರ ತಳಕ್ಕೆ ಬಿದ್ದಿತ್ತು, ಕೆಲವು ಕಡೆ ತಳದ ಶೇಕಡಾ 10ರಷ್ಟು ಜಾಗ ಅದರಿಂದಲೇ ಮುಚ್ಚಿತ್ತು, ಚದರ ಮೀಟರಿಗೆ ಸರಾಸರಿ 9 ಗ್ರಾಂ ಕಾರ್ಬನ್. ಮೇಲೆ ತಂದು ನೋಡಿದ್ರೆ ಪಾಚಿ ಇನ್ನೂ ಜೀವಂತ, ಬೆಳಕು ಕೊಟ್ರೆ ದ್ಯುತಿಸಂಶ್ಲೇಷಣೆ ಮಾಡೋಷ್ಟು ತಾಜಾ. ಸುತ್ತಮುತ್ತ ಕಡಲ ಸೌತೆ ಅನ್ನೋ ಮೆತ್ತನೆ ಪ್ರಾಣಿಗಳು, ನಕ್ಷತ್ರಮೀನಿನ ಸಂಬಂಧಿ ಬ್ರಿಟಲ್ ಸ್ಟಾರ್‌ಗಳು ಮುತ್ತಿಕೊಂಡು ತಿಂತಿದ್ವು.

ಆದ್ರೆ ನಮಗೆ ಬೇಕಾದ ವಿಷಯ ಆ ಮುದ್ದೆಗಳ ಅಡಿಯಲ್ಲಿತ್ತು. ಆ ಆಳದ ಹೂಳಲ್ಲಿ ಸಾಮಾನ್ಯವಾಗಿ ಊಟವೇ ಇಲ್ಲದ ಕಾರಣ ಆಕ್ಸಿಜನ್ ಬಹಳ ಕೆಳಗಿನವರೆಗೂ ಖರ್ಚಾಗದೆ ಉಳಿದಿರತ್ತೆ. ಪಾಚಿ ಮುದ್ದೆ ಬಿದ್ದ ಕಡೆ ಮಾತ್ರ ಅದು ಮೇಲ್ಪದರದಲ್ಲೇ ಮುಗಿದು ಹೋಗಿತ್ತು. ಅಂದ್ರೆ ಬಿದ್ದಿದ್ದು ಹೂತು ಹೋಗ್ತಿರಲಿಲ್ಲ, ಕೂಡಲೇ ತಿಂದು ಉಸಿರಾಗ್ತಿತ್ತು. ಕ್ಯಾಮೆರಾದಲ್ಲಿ ಹಸಿರು ಕಂಡ ತಕ್ಷಣ ಕಾರ್ಬನ್ ಉಳಿತಾಯ ಅಂತ ಬರೆದುಬಿಡೋದು ಸುಲಭ, ಹೂಳಿಗೆ ಚುಚ್ಚಿ ಆಕ್ಸಿಜನ್ ಅಳೆಯೋ ಸೂಜಿ ಬೇರೆ ಕಥೆ ಹೇಳ್ತಿತ್ತು.

ಬಾರೆಂಟ್ಸ್ ಸಮುದ್ರಕ್ಕೆ ಬರೋಣ, ಯಾಕಂದ್ರೆ ಬದಲಾವಣೆ ಅಲ್ಲಿರೋಷ್ಟು ಬೇರೆ ಕಡೆ ಎದ್ದು ಕಾಣಲ್ಲ. ದಕ್ಷಿಣದಲ್ಲಿ ಅಟ್ಲಾಂಟಿಕ್‌ನಿಂದ ಬರೋ ಬೆಚ್ಚಗಿನ ಉಪ್ಪು ನೀರು, ಉತ್ತರದಲ್ಲಿ ಆರ್ಕ್ಟಿಕ್‌ನ ತಣ್ಣನೆ ನೀರು ಮತ್ತು ಐಸ್, ನಡುವೆ ಧ್ರುವ ಗಡಿ ಅಂತ ಕರೆಯೋ ಒಂದು ರೇಖೆ. ಅಟ್ಲಾಂಟಿಕ್ ನೀರು ವರ್ಷ ವರ್ಷ ಇನ್ನಷ್ಟು ಉತ್ತರಕ್ಕೆ ನುಗ್ತಿದೆ, ಜೊತೆಗೆ ಕಾಡ್ ಮೀನು, ಆ ಮೀನಿನ ಹಿಂದೆ ಬೋಟುಗಳು. 2017ರಿಂದ 2019ರವರೆಗೆ ಮೂರು ಬೇಸಿಗೆ ಬ್ರಿಟನ್ನಿನ ಜೇಮ್ಸ್ ಕ್ಲಾರ್ಕ್ ರಾಸ್ ಹಡಗು ಇಲ್ಲಿ ದಕ್ಷಿಣದಿಂದ ಉತ್ತರಕ್ಕೆ ಒಂದೇ ಗೆರೆಯಲ್ಲಿ ಹೂಳು ತೆಗೀತಾ ಹೋಯ್ತು. ಐಡಿಯಾ ಸಿಂಪಲ್, ದಕ್ಷಿಣದ ಹೂಳು ಇವತ್ತು ಹೇಗಿದೆಯೋ ಉತ್ತರದ ಹೂಳು ನಾಳೆ ಹಾಗಾಗಬಹುದು, ಎರಡನ್ನೂ ಹೋಲಿಸಿ ನೋಡೋಣ ಅಂತ.

ಕೇಳೋಕೆ ಚಂದ, ಆದ್ರೆ ಹೂಳು ಅಷ್ಟು ಸಲೀಸಾಗಿ ಭವಿಷ್ಯ ಹೇಳಲ್ಲ. ಇಲ್ಲಿ ಬಹಳ ಕಡೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಹೂಳು ಕೂರೋದೂ ಕಷ್ಟ, ಕೂತಿದ್ದನ್ನೂ ಹುಳಗಳು ಮೇಲೆ ಕೆಳಗೆ ಮಾಡ್ತಿರ್ತವೆ, ಹಾಗಾಗಿ ಮೇಲಿನ ಎರಡು ಸೆಂಟಿಮೀಟರ್ ಬಿಲ್ಲೆಯಲ್ಲಿ ಹತ್ತಾರು ವರ್ಷದ ಐಸ್ ಇದ್ದ ಕಾಲ, ಇಲ್ಲದ ಕಾಲ ಎಲ್ಲಾ ಕಲಸಿ ಹೋಗಿರತ್ತೆ. ಉತ್ತರದಲ್ಲಿ ಐಸಿಗೆ ಅಂಟ್ಕೊಂಡು ಸೈಬೀರಿಯಾ ಕಡೆಯಿಂದ ಬಂದ ನೆಲದ ಮಣ್ಣಿನ ಹಳೇ ಕಾರ್ಬನ್ನೂ ಸೇರ್ಕೊಂಡಿರತ್ತೆ, ಅದನ್ನ ಬ್ಯಾಕ್ಟೀರಿಯಾಗಳು ಅಷ್ಟಾಗಿ ಮುಟ್ಟಲ್ಲ. ಐಸ್ ಕಮ್ಮಿ ಆದ್ರೆ ಈ ಹಳೇ ಮಣ್ಣು ಬರೋದೂ ಕಮ್ಮಿ ಆಗತ್ತೆ, ತಾಜಾ ಪಾಚಿ ಜಾಸ್ತಿ ಆಗತ್ತೆ. ತಾಜಾ ಪಾಚಿ ಅಂದ್ರೆ ಬೇಗ ಕೊಳೆಯೋದು. ಬೀಳೋದು ಏರಿದ್ರೂ ಉಳಿಯೋದು ಏರಲೇಬೇಕು ಅಂತ ಇಲ್ಲ ಅನ್ನೋದು ಇದಕ್ಕೇ.

ಹಾಗಾದ್ರೆ ಏನು ಉಳಿಯತ್ತೆ? ಇದಕ್ಕೆ ಒಂದು ಒಳ್ಳೇ ಉತ್ತರ ತುಕ್ಕಿನಲ್ಲಿ ಸಿಕ್ಕಿದೆ. ಕಬ್ಬಿಣದ ತುಕ್ಕಿನ ಕಣಗಳಿಗೆ ಕಾರ್ಬನ್ ಅಂಟ್ಕೊಂಡ್ರೆ ಬ್ಯಾಕ್ಟೀರಿಯಾಗೆ ಅದನ್ನ ಬಿಡಿಸ್ಕೊಂಡು ತಿನ್ನೋಕೆ ಕಷ್ಟ. 2012ರಲ್ಲಿ ಕೆನಡಾದ ಸಂಶೋಧಕರು ಜಗತ್ತಿನ ಬೇರೆ ಬೇರೆ ಕಡೆಯ ಹೂಳು ನೋಡಿ ಸರಾಸರಿ ಐದರಲ್ಲಿ ಒಂದು ಪಾಲು ಕಾರ್ಬನ್ ಹೀಗೆ ಕಬ್ಬಿಣಕ್ಕೆ ಕಟ್ಟಿಕೊಂಡಿದೆ ಅಂದಿದ್ರು. ಬಾರೆಂಟ್ಸ್ ಹೂಳಲ್ಲಿ 2021ರಲ್ಲಿ ಬಂದ ಲೆಕ್ಕ ಶೇಕಡಾ 10ರಿಂದ 20, ಅದೂ ಸಾವಿರಾರು ವರ್ಷ ಹಳೇ ಪದರಗಳಲ್ಲೂ ಆ ಕಟ್ಟು ಬಿಚ್ಚಿರಲಿಲ್ಲ. ನನಗೆ ಇಡೀ ವಿಷಯದಲ್ಲಿ ಅತೀ ಮುಖ್ಯ ಅನ್ಸೋದು ಇದು, ಯಾಕಂದ್ರೆ ಕಾರ್ಬನ್ ಎಷ್ಟು ಉಳಿಯತ್ತೆ ಅನ್ನೋದನ್ನ ನಿರ್ಧರಿಸೋದು ಪಾಚಿ ಒಂದೇ ಅಲ್ಲ, ಕಬ್ಬಿಣ ಎಷ್ಟಿದೆ ಅನ್ನೋದೂ ಹೌದು. ಮೇಲಿಂದ ತಾಜಾ ಊಟ ವಿಪರೀತ ಬಿದ್ದು ಹೂಳಿನ ಆಕ್ಸಿಜನ್ ಬೇಗ ಮುಗಿದ್ರೆ ತುಕ್ಕೇ ಕರಗೋಕೆ ಶುರು ಆಗತ್ತೆ, ಆಗ ಅದು ಹಿಡ್ಕೊಂಡಿದ್ದೂ ಕೈ ಬಿಡಬಹುದು.

ಕಬ್ಬಿಣ ಎಲ್ಲಿಂದ ಬರತ್ತೆ ಅಂದ್ರೆ ಫ್ಯೋರ್ಡ್‌ಗಳ ಕಡೆ ನೋಡಬೇಕು. ಹಿಮನದಿಗಳು ಬಂಡೆ ಅರೆದು ನುಣ್ಣನೆ ಪುಡಿ ಮಾಡಿ ಫ್ಯೋರ್ಡ್‌ಗೆ ಸುರೀತವೆ. ಜಗತ್ತಿನ ಫ್ಯೋರ್ಡ್‌ಗಳೆಲ್ಲ ಸೇರಿದ್ರೂ ಸಮುದ್ರದ ವಿಸ್ತೀರ್ಣದಲ್ಲಿ ಏನೇನೂ ಅಲ್ಲ, ಆದ್ರೆ 2015ರ ಒಂದು ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು 1.8 ಕೋಟಿ ಟನ್ ಕಾರ್ಬನ್ ಅಲ್ಲಿ ಹೂಳತ್ತೆ, ಸಮುದ್ರದಲ್ಲಿ ಹೂಳೋ ಒಟ್ಟು ಕಾರ್ಬನ್ನಲ್ಲಿ ಶೇಕಡಾ 11. ಕಾರಣ ವೇಗ, ಮೇಲಿಂದ ಮಣ್ಣು ಎಷ್ಟು ಬೇಗ ಬೀಳತ್ತೆ ಅಂದ್ರೆ ತಿನ್ನೋರಿಗೆ ಟೈಮ್ ಸಿಗಲ್ಲ. ಸ್ವಾಲ್‌ಬಾರ್ಡಿನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ನಮ್ಮ ದೇಶದ್ದೂ ಒಂದು ಉಪಕರಣ ಇದೆ, 2014ರ ಜುಲೈಯಲ್ಲಿ 192 ಮೀಟರ್ ಆಳದಲ್ಲಿ ಲಂಗರು ಹಾಕಿ ಶುರು ಮಾಡಿದ ಇಂಡ್‌ಆರ್ಕ್. ಅದು ನೀರಿನ ತಾಪಮಾನ, ಉಪ್ಪು, ಹರಿವು ಅಂಥವನ್ನ ಅಳೆಯತ್ತೆ, ಹೂಳನ್ನಲ್ಲ, ಆದ್ರೆ ಅಟ್ಲಾಂಟಿಕ್ ನೀರು ಫ್ಯೋರ್ಡ್ ಒಳಗೆ ಯಾವಾಗ ನುಗ್ತು ಅನ್ನೋದು ಗೊತ್ತಿಲ್ಲದೆ ಹೂಳಿನ ಬದಲಾವಣೆಗೆ ಕಾರಣ ಹೇಳೋಕೆ ಆಗಲ್ಲ. ಅಲ್ಲಿನ ಹಿಮನದಿಗಳು ಹಿಂದೆ ಸರಿದು ಪೂರ್ತಿ ನೆಲದ ಮೇಲೆ ಹೋಗಿಬಿಟ್ರೆ ಇನ್ನೊಂದು ತಿರುವು ಬರತ್ತೆ. ಈಗ ಹಿಮನದಿಯ ಬುಡದಿಂದ ಚಿಮ್ಮೋ ಸಿಹಿನೀರು ಮೇಲೆ ಏರುವಾಗ ಆಳದ ಪೋಷಕಾಂಶಗಳನ್ನೂ ಎಳ್ಕೊಂಡು ಬರತ್ತೆ, ನೆಲಕ್ಕೆ ಸರಿದ ಮೇಲೆ ಆ ಪಂಪ್ ನಿಂತು ಬರೀ ಬಗ್ಗಡದ ನೀರು ಮೇಲ್ಮೈಯಲ್ಲಿ ಹರಡಿ ಬೆಳಕನ್ನೂ ತಡೆಯತ್ತೆ. ಕರಗಿದಷ್ಟೂ ಪಾಚಿ ಅನ್ನೋ ಸೂತ್ರ ಇಲ್ಲೂ ಕೈ ಕೊಡತ್ತೆ.

ಆರ್ಕ್ಟಿಕ್ ಪಾಚಿಗೆ ಮುಖ್ಯ ಕೊರತೆ ನೈಟ್ರೋಜನ್. ಇದಕ್ಕೆ ಹೂಳೇ ದೊಡ್ಡ ಕಾರಣ. ಪೆಸಿಫಿಕ್ ನೀರು ಬೇರಿಂಗ್ ಜಲಸಂಧಿ ದಾಟಿ ಬರುವಾಗ ಆಳವಿಲ್ಲದ ಖಂಡದಂಚಿನ ಮೇಲೆ ಹಾದು ಬರತ್ತೆ, ಆ ದಾರಿಯುದ್ದಕ್ಕೂ ಹೂಳಿನ ಬ್ಯಾಕ್ಟೀರಿಯಾ ನೈಟ್ರೇಟನ್ನ ಗಾಳಿಗೆ ಬಿಡ್ತಾ ಹೋಗತ್ತೆ, ಆರ್ಕ್ಟಿಕ್ ತಲುಪೋ ಹೊತ್ತಿಗೆ ಫಾಸ್ಫೇಟ್ ಉಳಿದಿರತ್ತೆ, ನೈಟ್ರೇಟ್ ಸಾಲಲ್ಲ. ಈಗ ಪಾಚಿ ಜಾಸ್ತಿ ಬಿದ್ದು ಹೂಳು ಇನ್ನಷ್ಟು ಹಸಿದು ಉಸಿರಾಡಿದ್ರೆ ನೈಟ್ರೇಟ್ ಇನ್ನಷ್ಟು ಹೋಗಬಹುದು, ಮುಂದಿನ ವರ್ಷದ ಪಾಚಿಗೆ ಅದೇ ಕಡಿವಾಣ. ಶೇಕಡಾ 57 ಅನ್ನೋ ಗ್ರಾಫನ್ನ ಅದೇ ಓರೆಯಲ್ಲಿ ಮುಂದಕ್ಕೆ ಎಳೆಯೋರು ಇದನ್ನ ಗಮನಿಸಲ್ಲ.

ಅಂಟಾರ್ಕ್ಟಿಕಾದಲ್ಲಿ ಸಮಸ್ಯೆ ಬೇರೆ. ದಕ್ಷಿಣ ಸಾಗರದಲ್ಲಿ ನೈಟ್ರೇಟ್, ಫಾಸ್ಫೇಟ್ ಬೇಕಾದಷ್ಟಿದೆ, ಕಬ್ಬಿಣ ಇಲ್ಲ. ದಕ್ಷಿಣ ಜಾರ್ಜಿಯಾ, ಕೆರ್ಗುಲೆನ್ ದ್ವೀಪಗಳ ಸುತ್ತ ಮಾತ್ರ ಉಪಗ್ರಹದಲ್ಲಿ ಹಸಿರು ಪಟ್ಟೆ ಕಾಣತ್ತೆ, ಯಾಕಂದ್ರೆ ಅಲ್ಲಿನ ತಗ್ಗು ತಳದ ಹೂಳಿಂದ ಕಬ್ಬಿಣ ನೀರಿಗೆ ಬರತ್ತೆ. ಹಾಗಿದ್ರೆ ನಾವೇ ಕಬ್ಬಿಣ ಸುರಿದ್ರೆ? ಇದನ್ನ ಮಾಡಿ ನೋಡಿದ್ದಾರೆ, ಅದರಲ್ಲೊಂದು ನಮ್ಮದೇ. 2009ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ಲೋಹಾಫೆಕ್ಸ್ ಅಂತ ಪ್ರಯೋಗ ಮಾಡಿದ್ರು, ದಕ್ಷಿಣ ಸಾಗರದಲ್ಲಿ ಸುಮಾರು 300 ಚದರ ಕಿಲೋಮೀಟರ್ ಜಾಗದಲ್ಲಿ ಕಬ್ಬಿಣದ ಸಲ್ಫೇಟ್ ಸುರಿದ್ರು. ವಾಜಿಹ್ ನಖ್ವಿ ಮತ್ತು ವಿಕ್ಟರ್ ಸ್ಮೆಟಾಸೆಕ್ ಮುಂದಾಳುಗಳು, ಆಗ ಪರಿಸರ ಸಂಘಟನೆಗಳಿಂದ ದೊಡ್ಡ ಗಲಾಟೆನೂ ಆಯ್ತು. ಪಾಚಿ ಬೆಳೀತು, ಆದ್ರೆ ಅದು ಡಯಾಟಂ ಅಲ್ಲ, ಆ ನೀರಲ್ಲಿ ಸಿಲಿಕ ಮೊದಲೇ ಖಾಲಿಯಾಗಿತ್ತು. ಮೆತ್ತನೆ ಪಾಚಿಯನ್ನ ಸೀಗಡಿ ಥರದ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳು ಮೇಯ್ದವು, ಅವನ್ನ ಅವುಗಳಿಗಿಂತ ದೊಡ್ಡ ಆಂಫಿಪಾಡ್‌ಗಳು ತಿಂದ್ವು, ಆಳಕ್ಕೆ ಹೋದ ಕಾರ್ಬನ್ ಅತ್ಯಲ್ಪ. ಅದಕ್ಕೂ ಐದು ವರ್ಷ ಮೊದಲು, 2004ರಲ್ಲಿ ಸಿಲಿಕ ಇದ್ದ ನೀರಲ್ಲಿ ಮಾಡಿದ ಐಫೆಕ್ಸ್ ಪ್ರಯೋಗದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಚಿ ಸಾವಿರ ಮೀಟರ್ ಕೆಳಗೆ ಹೋಗಿತ್ತು. ಸೋತ ಪ್ರಯೋಗ ಅಂತ ಪತ್ರಿಕೆಗಳು ಬರೆದ್ವು, ಅದು ಸರಿ ಅಲ್ಲ, ಕಬ್ಬಿಣ ಒಂದೇ ಸಾಲದು, ಸಿಲಿಕದ ಚಕ್ರವೂ ಬೇಕು ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಕಮ್ಮಿ. ಆ ಸಿಲಿಕದ ದೊಡ್ಡ ಗೋದಾಮು ಅಂಟಾರ್ಕ್ಟಿಕಾ ಸುತ್ತ ತಳದಲ್ಲೇ ಇದೆ, ಡಯಾಟಂ ಚಿಪ್ಪು ಪಟ್ಟಿ ಪಟ್ಟಿಯಾಗಿ ಬಿದ್ದಿದೆ.

ಐಸ್ ಶೆಲ್ಫ್, ಅಂದ್ರೆ ನೆಲದ ಹಿಮ ಸಮುದ್ರದ ಮೇಲೆ ಚಾಚಿ ತೇಲೋ ದಪ್ಪ ಹಲಗೆ, ಒಡೆದ ಜಾಗಗಳಲ್ಲಿ ತಳದ ಜೀವನ ಹೇಗೆ ಬದಲಾಗತ್ತೆ ಅನ್ನೋದು ಅಂಟಾರ್ಕ್ಟಿಕಾದ ಇನ್ನೊಂದು ಕುತೂಹಲ. 1995ರಲ್ಲಿ ಲಾರ್ಸನ್ ಎ ಅನ್ನೋ ಐಸ್ ಶೆಲ್ಫ್ ಕುಸೀತು, 2007 ಮತ್ತು 2011ರ ನಡುವೆ ಅಲ್ಲಿನ ತಳದಲ್ಲಿ ಗಾಜಿನ ಸ್ಪಂಜುಗಳ ಸಂಖ್ಯೆ ಮೂರು ಪಟ್ಟು, ತೂಕ ಎರಡು ಪಟ್ಟು ಆಗಿತ್ತು, ಶತಮಾನಗಟ್ಟಲೆ ತೆಗೆದುಕೊಳ್ಳತ್ತೆ ಅಂದುಕೊಂಡಿದ್ದು ನಾಲ್ಕೇ ವರ್ಷದಲ್ಲಿ. ಇದನ್ನ ನೋಡಿ ಐಸ್ ಹೋದ ಕಡೆ ಹೊಸ ಕಾರ್ಬನ್ ಉಳಿತಾಯ ಶುರು ಆಗತ್ತೆ ಅನ್ನೋ ವಾದ ಬಲವಾಯ್ತು, ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೇಯ ಡೇವಿಡ್ ಬಾರ್ನ್ಸ್ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಅದೇ ಬಾರ್ನ್ಸ್ ಇನ್ನೊಂದು ಮುಖನೂ ತೋರಿಸಿದ್ದಾರೆ, ಸಮುದ್ರದ ಐಸ್ ಕಮ್ಮಿ ಆದ ಕಡೆ ಹಿಮಗಡ್ಡೆಗಳು ಸ್ವತಂತ್ರವಾಗಿ ತೇಲಾಡಿ ತಗ್ಗು ತಳವನ್ನ ಉಳುಮೆ ಮಾಡಿ ಹಾಕ್ತವೆ, ಬೆಳೆದಿದ್ದೆಲ್ಲ ನೆಲಸಮ. 2025ರ ಜನವರಿಯಲ್ಲಿ ಜಾರ್ಜ್ 6 ಐಸ್ ಶೆಲ್ಫಿನಿಂದ ಸುಮಾರು 510 ಚದರ ಕಿಲೋಮೀಟರ್ ದೊಡ್ಡ ಗಡ್ಡೆ ಕಳಚಿದಾಗ ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟಿನ ಹಡಗು ಹತ್ತಿರದಲ್ಲೇ ಇತ್ತು, ಕೆಲವೇ ದಿನದಲ್ಲಿ ಅಲ್ಲಿಗೆ ರೋಬೋ ಇಳಿಸಿದ್ರು. ತಳದಲ್ಲಿ ದೊಡ್ಡ ದೊಡ್ಡ ಸ್ಪಂಜುಗಳು, ಹವಳ, ಐಸ್‌ಫಿಶ್. ಇಷ್ಟು ದೊಡ್ಡ ಸ್ಪಂಜು ಐಸ್ ಹೋದ ಮೇಲೆ ಎರಡು ವಾರದಲ್ಲಿ ಬೆಳೆದಿರೋಕೆ ಸಾಧ್ಯ ಇಲ್ಲ. ಬಿಸಿಲೇ ಕಾಣದ ಜಾಗಕ್ಕೂ ಪಕ್ಕದಿಂದ ಹರಿವು ಊಟ ತಂದು ಕೊಡ್ತಿತ್ತು ಅಂತಾಯ್ತು. ಐಸ್ ಶೆಲ್ಫ್ ಕೆಳಗೆ ಏನೂ ಇರಲಿಲ್ಲ, ಈಗ ಬಂದಿದ್ದೆಲ್ಲ ಹೊಸ ಲಾಭ ಅಂತ ಸೊನ್ನೆಯಿಂದ ಲೆಕ್ಕ ಹಾಕೋದನ್ನ ಇನ್ನಾದ್ರೂ ನಿಲ್ಲಿಸಬೇಕು.

ಈಗ ಟ್ರಾಲಿಂಗ್. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಎನ್ರಿಕ್ ಸಾಲಾ ಮತ್ತವರ ತಂಡ ಬರೆದ ಲೇಖನದಲ್ಲಿ ಜಗತ್ತಿನ ಟ್ರಾಲಿಂಗಿನಿಂದ ಹೂಳಲ್ಲಿರೋ ಕಾರ್ಬನ್ ಕದಡಿ ಮೊದಲ ವರ್ಷ 147 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಬಹುದು ಅಂತ ಬಂತು, ವಿಮಾನದ ಹೋಲಿಕೆ ಹುಟ್ಟಿದ್ದು ಇಲ್ಲಿಂದ. ಗಮನಿಸಿ, ನೀರಿಗೆ, ಗಾಳಿಗಲ್ಲ. ಹೆಡ್‌ಲೈನ್‌ಗಳಲ್ಲಿ ಆ ವ್ಯತ್ಯಾಸ ಮಾಯ ಆಯ್ತು. 2023ರಲ್ಲಿ ಯಾನ್ ಹಿಡ್ಡಿಂಕ್ ಮತ್ತಿತರರು ಅದೇ ಪತ್ರಿಕೆಯಲ್ಲಿ ಈ ಲೆಕ್ಕ ಹಲವು ಪಟ್ಟು ಜಾಸ್ತಿ ಆಗಿದೆ ಅಂತ ಆಕ್ಷೇಪ ಎತ್ತಿದ್ರು, ಹೂಳಲ್ಲಿ ಉಳಿದಿರೋ ಹಳೇ ಕಾರ್ಬನ್ ಹೇಗೂ ಬೇಗ ಕೊಳೆಯೋ ಜಾತಿ ಅಲ್ಲ, ಅದನ್ನ ತಾಜಾ ಪಾಚಿ ಥರ ಲೆಕ್ಕ ಹಾಕಿದ್ದೀರಿ ಅನ್ನೋದು ಮುಖ್ಯ ತಕರಾರು. 2024ರಲ್ಲಿ ಮೊದಲ ತಂಡದ ಕೆಲವರು ಸೇರಿ ಇನ್ನೊಂದು ಲೇಖನ ಬರೆದು, ಕದಡಿ ಬಂದಿದ್ದರಲ್ಲಿ ಶೇಕಡಾ 55ರಿಂದ 60 ಭಾಗ ಒಂಬತ್ತು ವರ್ಷದೊಳಗೆ ಗಾಳಿಗೆ ಸೇರತ್ತೆ, ವರ್ಷಕ್ಕೆ ಸುಮಾರು 37 ಕೋಟಿ ಟನ್ ಅಂದ್ರು. ಮೂಲ ಲೆಕ್ಕವೇ ಜಗಳದಲ್ಲಿರೋವಾಗ ಅದರ ಮೇಲೆ ಕಟ್ಟಿದ ಅಂಕಿಯನ್ನ ನಂಬೋದಾದ್ರೂ ಹೇಗೆ. ಟ್ರಾಲ್ ಹಾಕಿದ ಮತ್ತು ಹಾಕದ ಜಾಗಗಳನ್ನ ನೇರವಾಗಿ ಹೋಲಿಸಿದ 49 ಅಧ್ಯಯನಗಳನ್ನ 2022ರಲ್ಲಿ ಒಟ್ಟು ಮಾಡಿ ನೋಡಿದ್ರೆ ಶೇಕಡಾ 61ರಲ್ಲಿ ಗಮನಾರ್ಹ ವ್ಯತ್ಯಾಸ ಇಲ್ಲ, 29ರಲ್ಲಿ ಕಾರ್ಬನ್ ಕಮ್ಮಿ, 10ರಲ್ಲಿ ಜಾಸ್ತಿ.

ಇಷ್ಟು ಓದಿ ಟ್ರಾಲಿಂಗಿಂದ ತೊಂದರೆ ಇಲ್ಲ ಅಂತ ಅಂದ್ಕೋಬೇಡಿ. ಕಾರ್ಬನ್ ಟನ್‌ಗಳನ್ನ ಪಕ್ಕಕ್ಕಿಟ್ರೂ ತೊಂದರೆ ಇದೆ, ಅದು ಹುಳಗಳದ್ದು. ಹೂಳಲ್ಲಿ ಬಿಲ ತೋಡಿ ಆಕ್ಸಿಜನ್ ಒಳಗೆ ತರೋದು, ಪೋಷಕಾಂಶ ಹೊರಗೆ ಪಂಪ್ ಮಾಡೋದು ಹುಳಗಳು, ಚಿಪ್ಪಿನ ಜೀವಿಗಳು, ಬ್ರಿಟಲ್ ಸ್ಟಾರ್‌ಗಳು. ಬಲೆ ಎಳೆದಾಗ ಮೊದಲು ಹೋಗೋದು ಇದರಲ್ಲಿ ದೊಡ್ಡವು, ನಿಧಾನಕ್ಕೆ ಬೆಳೆಯೋವು, ತಣ್ಣನೆ ನೀರಲ್ಲಿ ಅವು ವಾಪಸ್ ಬರೋಕೆ ವರ್ಷಗಟ್ಟಲೆ ಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಬೆಚ್ಚನೆ ನೀರಿನ ಮೀನಿಗೆ ಅಂಥ ರಜೆಯಿಂದ ಏನಾದ್ರೂ ಪ್ರಯೋಜನ ಇರಬಹುದು, 75 ಡಿಗ್ರಿ ಉತ್ತರದ ಹುಳಕ್ಕೆ ಎರಡು ತಿಂಗಳ ರಜೆ ಲೆಕ್ಕಕ್ಕೇ ಇಲ್ಲ. ಬಲೆ ಇಲ್ಲದೇನೂ ಇದೇ ಥರದ್ದು ಆಗಿದೆ. ಸೋವಿಯತ್ ವಿಜ್ಞಾನಿಗಳು 1960ರ ದಶಕದಲ್ಲಿ ಮೂರ್ಮಾನ್ಸ್ಕ್ ಕಡೆ ಬಿಟ್ಟ ಕೆಂಪು ಕಿಂಗ್ ಏಡಿ ಈಗ ಉತ್ತರ ನಾರ್ವೆಯವರೆಗೂ ಹಬ್ಬಿದೆ, ವರಾಂಗರ್ ಫ್ಯೋರ್ಡ್‌ನಲ್ಲಿ ಆಳಕ್ಕೆ ಬಿಲ ತೋಡೋ ದೊಡ್ಡ ಹುಳಗಳನ್ನ, ಚಿಪ್ಪುಗಳನ್ನ ತಿಂದು ಹಾಕಿದ ಮೇಲೆ ಹೂಳಿನ ಒಳಗೆ ಆಕ್ಸಿಜನ್ ಸ್ಥಿತಿ ಕೆಟ್ಟಿರೋದು ದಾಖಲಾಗಿದೆ. 1996ರಿಂದ ಬಾರೆಂಟ್ಸ್‌ನಲ್ಲಿ ಸ್ನೋ ಏಡಿನೂ ಕಾಣಿಸಿಕೊಂಡು ಹಬ್ತಿದೆ. ಏಡಿ ವ್ಯಾಪಾರ ಭರ್ಜರಿ, ಹಾಗಾಗಿ ಅದನ್ನ ಪೂರ್ತಿ ಓಡಿಸೋ ಉತ್ಸಾಹ ಯಾರಿಗೂ ಇದ್ದಂಗಿಲ್ಲ.

ನನ್ನ ಪ್ರಕಾರ ಹೂಳನ್ನ ಕಾಪಾಡೋಕೆ ಕಾರಣ ಇದೇ ಸಾಕು. ಟ್ರಾಲಿಂಗ್ ನಿಲ್ಲಿಸಿ ಅಷ್ಟು ಟನ್ ಕಾರ್ಬನ್ ಉಳಿಸಿದ್ವಿ ಅಂತ ಕ್ರೆಡಿಟ್ ಮಾರೋ ಮಾತು ಈಗ ಅಲ್ಲಲ್ಲಿ ಕೇಳಿಬರ್ತಿದೆ, ಅದು ಸದ್ಯಕ್ಕೆ ಬೇಡ, ಯಾಕಂದ್ರೆ ಒಂದೇ ಪ್ರಶ್ನೆಗೆ ಉತ್ತರ ಹತ್ತಾರು ಪಟ್ಟು ಹೆಚ್ಚುಕಮ್ಮಿ ಆಗೋ ಲೆಕ್ಕವನ್ನ ಇಟ್ಕೊಂಡು ಯಾವುದೋ ಕಂಪನಿಯ ಹೊಗೆಗೆ ಮಾಫಿ ಬರೆದು ಕೊಟ್ರೆ ಹೊಗೆ ಮಾತ್ರ ಗ್ಯಾರಂಟಿ, ಉಳಿತಾಯ ಅಲ್ಲ.

ಒಳ್ಳೇ ಸುದ್ದಿ ಅಂದ್ರೆ ಅಳೆಯೋ ಕೆಲಸ ಈಗ ಬೇಸಿಗೆಗೆ ಸೀಮಿತ ಆಗಿಲ್ಲ. ಮೊದಲೆಲ್ಲ ಐಸ್ ಕಾರಣಕ್ಕೆ ಹಡಗು ಹೋಗ್ತಿದ್ದದ್ದೇ ಬೇಸಿಗೆಯಲ್ಲಿ. ನಾರ್ವೆಯ ನಾನ್ಸನ್ ಲೆಗಸಿ ಯೋಜನೆಯವರು ಬಾರೆಂಟ್ಸ್‌ಗೆ ಆಗಸ್ಟ್, ಡಿಸೆಂಬರ್, ಮಾರ್ಚ್, ಮೇ ನಾಲ್ಕೂ ಸಮಯದಲ್ಲಿ ಹೋಗಿ ನೋಡಿದ್ರು, ಮೇಲೆ ಕಗ್ಗತ್ತಲ ಚಳಿಗಾಲ ಇದ್ದಾಗ್ಲೂ ತಳದ ಜೀವಿಗಳ ಊಟದ ವ್ಯವಸ್ಥೆಯಲ್ಲಿ ದೊಡ್ಡ ಏರುಪೇರು ಕಾಣಲಿಲ್ಲ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಶ್ಚಿಮಕ್ಕೆ 1999ರಿಂದ ಅಮೆರಿಕದವರು ಮಾಡಿದ ಫುಡ್‌ಬ್ಯಾಂಕ್ಸ್ ಯೋಜನೆಯಲ್ಲೂ ಇಂಥದ್ದೇ ಕಂಡಿತ್ತು, ಬೇಸಿಗೆಯಲ್ಲಿ ಬಿದ್ದ ಪಾಚಿ ವರ್ಷಪೂರ್ತಿ ಹೂಳಲ್ಲಿ ದಾಸ್ತಾನಿದ್ದು ನಿಧಾನಕ್ಕೆ ಖರ್ಚಾಗ್ತಿತ್ತು. ಇದರಿಂದ ಎರಡು ವಿಷಯ ಹೊರಡತ್ತೆ. ಒಂದು, ಒಂದು ವರ್ಷ ಐಸ್ ಹೆಚ್ಚುಕಮ್ಮಿ ಆದ ಮಾತ್ರಕ್ಕೆ ತಳ ತಲೆ ಕೆಡಿಸ್ಕೊಳ್ಳಲ್ಲ. ಇನ್ನೊಂದು ಅಷ್ಟು ಸಮಾಧಾನದ್ದಲ್ಲ, ಬದಲಾವಣೆ ಆದ್ರೂ ನಮಗೆ ತಡವಾಗಿ ಗೊತ್ತಾಗತ್ತೆ, ಗೊತ್ತಾಗೋ ಹೊತ್ತಿಗೆ ದಾಸ್ತಾನು ಬೇರೆ ಥರದ್ದಾಗಿರತ್ತೆ. ಸ್ವಾಲ್‌ಬಾರ್ಡಿನ ಹಿಮಾದ್ರಿ ಕೇಂದ್ರದಲ್ಲಿ ಭಾರತದವರು 2023ರ ಡಿಸೆಂಬರಿಂದ ಚಳಿಗಾಲದಲ್ಲೂ ಇರೋಕೆ ಶುರು ಮಾಡಿದ್ದಾರೆ, ಕಾಂಗ್ಸ್‌ಫ್ಯೋರ್ಡ್ ಅದರ ಬಾಗಿಲಲ್ಲೇ ಇದೆ, ಅಲ್ಲಿಂದ ಚಳಿಗಾಲದ ಹೂಳಿನ ಕೊಳವೆಗಳೂ ನಿಯಮಿತವಾಗಿ ಬಂದ್ರೆ ಅದು ದೊಡ್ಡ ಕೊಡುಗೆ.

ಟೈಮ್ ಎಷ್ಟಿದೆ ಅನ್ನೋದಕ್ಕೆ ಒಂದು ತಾರೀಕು ಇದೆ. ಮಧ್ಯ ಆರ್ಕ್ಟಿಕ್‌ನ 28 ಲಕ್ಷ ಚದರ ಕಿಲೋಮೀಟರ್ ಅಂತಾರಾಷ್ಟ್ರೀಯ ನೀರಲ್ಲಿ ವಾಣಿಜ್ಯ ಮೀನುಗಾರಿಕೆ ಬೇಡ ಅಂತ ನಾರ್ವೆ, ರಷ್ಯಾ, ಅಮೆರಿಕ, ಚೀನಾ, ಯುರೋಪಿಯನ್ ಒಕ್ಕೂಟ ಸೇರಿ ಹತ್ತು ಪಕ್ಷಗಳು 2018ರಲ್ಲಿ ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್‌ನಲ್ಲಿ ಸಹಿ ಹಾಕಿವೆ, ಜಾರಿಗೆ ಬಂದಿದ್ದು 2021ರ ಜೂನ್ 25ರಂದು, ಅವಧಿ 16 ವರ್ಷ. ಅಂದ್ರೆ 2037. ಆಮೇಲೆ ಐದೈದು ವರ್ಷಕ್ಕೆ ಮುಂದುವರಿಸಬಹುದು, ಒಂದೇ ಒಂದು ಪಕ್ಷ ಬೇಡ ಅಂದ್ರೂ ಮುಂದುವರಿಯಲ್ಲ. ಭಾರತ ಇದರಲ್ಲಿ ಇಲ್ಲ, 2013ರಿಂದ ಆರ್ಕ್ಟಿಕ್ ಕೌನ್ಸಿಲಿನಲ್ಲಿ ವೀಕ್ಷಕ ಸ್ಥಾನ ಅಷ್ಟೇ. ಒಪ್ಪಂದದಲ್ಲೇ ಜಂಟಿ ವೈಜ್ಞಾನಿಕ ಅಧ್ಯಯನ ಮಾಡಬೇಕು ಅಂತ ಬರೆದಿದೆ, ಆದ್ರೆ ಅದರ ಕಣ್ಣು ಮುಖ್ಯವಾಗಿ ಮೀನಿನ ಮೇಲೆ. ಮೀನು ಎಷ್ಟಿದೆ ಅನ್ನೋ ಸರ್ವೇಗೆ ಹೋಗೋ ಹಡಗಲ್ಲೇ ಒಂದು ಮಲ್ಟಿಕೋರರ್ ಇಟ್ಕೊಂಡು, ಅದೇ ಜಾಗಗಳಿಗೆ ಒಂದೆರಡು ವರ್ಷಕ್ಕೊಮ್ಮೆ ವಾಪಸ್ ಹೋಗಿ ಆಕ್ಸಿಜನ್, ಕಬ್ಬಿಣ, ನೈಟ್ರೇಟ್ ಅಳೆದ್ರೆ 2037ರ ಮಾತುಕತೆಗೆ ಕೂರುವಾಗ ಬಲೆ ಬೀಳದ ತಳದ ಒಂದು ದಾಖಲೆ ಮೇಜಿನ ಮೇಲಿರತ್ತೆ. ಬಲೆ ಬಿದ್ದ ಮೇಲೆ ಅಂಥ ದಾಖಲೆ ಮಾಡೋಕೆ ಬರಲ್ಲ, ಬಾರೆಂಟ್ಸ್‌ನಲ್ಲಿ ಈಗ ಅದೇ ಪರದಾಟ.